ನೀಲಿ ಕೊರಳಿಗೆ ಸಾಕ್ಷಿ

ಕೆರೆಯಂಚಿನ ಉದ್ಯಾನದ ಗೇಟಿನಲ್ಲಿ ಒಂದು ಕರಿಹಲಗೆ ಇದೆ. ಚಳಿಗಾಲದ ಆರಂಭದಲ್ಲಿ ವಲಸೆ ಹಕ್ಕಿಗಳು ಬರತೊಡಗಿದಾಗ, ಯಾವ ಹಕ್ಕಿಯನ್ನು ಯಾರು ಮೊದಲು ಕಂಡರೋ ಅವರ ಹೆಸರನ್ನು ಕಾವಲುಗಾರ ಅದರ ಮೇಲೆ ಬರೆಯುತ್ತಾನೆ. ಆದರೆ ಜೊತೆಗಿದ್ದ ಇನ್ನೊಬ್ಬರು "ನಾನೂ ಕಂಡೆ" ಅನ್ನಬೇಕು. ಒಬ್ಬರ ಕಣ್ಣು ಲೆಕ್ಕಕ್ಕಿಲ್ಲ.

ಹದಿನೆಂಟು ವರ್ಷದಿಂದ ಆ ಹಲಗೆ ಹೆಚ್ಚುಕಡಿಮೆ ಅಕ್ಕನ ಸ್ವಂತ ಆಸ್ತಿ. ಅಕ್ಕ ದರ್ಜಿ. ಅರವತ್ತು ದಾಟಿದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವಳು; ನಾಲ್ಕು ಜನರೆದುರು ಪೋಣಿಸುವುದೆಂದರೆ ಇನ್ನೂ ಇಷ್ಟ. ಈ ವರ್ಷ ಶಾಲೆಯಿಂದ ನಿವೃತ್ತಳಾದ ತಂಗಿಯನ್ನು, ಪಾಪ, ಹೊತ್ತು ಹೋಗಲಿ ಎಂದು ತಾನೇ ಕೆರೆಗೆ ಕರೆತಂದಳು. ಆ ಪುಣ್ಯಾತ್ಗಿತ್ತಿ ಒಂದೇ ತಿಂಗಳಲ್ಲಿ ಹಲಗೆಯ ಆರು ಸಾಲು ತುಂಬಿಸಿದಳು. ಆರಕ್ಕೂ ಅಕ್ಕನೇ ಸಾಕ್ಷಿ. ಆರು ಸಲ "ನಾನೂ ಕಂಡೆ" ಅನ್ನುವಷ್ಟರಲ್ಲಿ ಅಕ್ಕನ ಹೊಟ್ಟೆ ಉರಿದು ಬೂದಿಯಾಗಿತ್ತು.

ಏಳನೆಯದು, ಎಲ್ಲರೂ ಕಾಯುತ್ತಿದ್ದ ನೀಲಿ ಕೊರಳಿನ ಹಕ್ಕಿ.

"ಅಕ್ಕಾ, ಅಲ್ನೋಡು, ಜೊಂಡಿನ ಬುಡದಲ್ಲಿ," ಎಂದು ತಂಗಿ ಪಿಸುಗುಟ್ಟಿದಳು.

ಅಕ್ಕನಿಗೆ ಕೊರಳಷ್ಟೇ ಅಲ್ಲ, ಅದರ ನಡುವಿನ ಕಂದು ಚುಕ್ಕೆಯೂ ಕಂಡಿತು.

"ಎಲ್ಲಿ? ನಂಗೇನೂ ಕಾಣ್ತಿಲ್ವಲ್ಲ."

ಹಕ್ಕಿ ಪುರ್ರನೆ ಹಾರಿತು. ಮಧ್ಯಾಹ್ನ ಅದೇ ಜೊಂಡಿನಲ್ಲಿ ಅದೇ ಹಕ್ಕಿಯ ಫೋಟೋ ತೆಗೆದ ಗಂಡಹೆಂಡಿರ ಹೆಸರು ಹಲಗೆಗೆ ಏರಿತು. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ.

ಆ ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ತಂಗಿ ಮುಖ ಸಣ್ಣ ಮಾಡಿಕೊಂಡು ಅಂಗಡಿಗೇ ಬಂದಳು.

"ಅಕ್ಕಾ, ಹಕ್ಕಿ ನಿಜವಾಗ್ಲೂ ಇತ್ತು. ಅಷ್ಟು ಹತ್ರ ಇದ್ದಿದ್ದು ನಿಂಗೆ ಕಾಣ್ಲಿಲ್ಲ ಅಂದ್ರೆ ನಂಗೆ ಭಯ ಆಗತ್ತೆ. ನಾಳೆ ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ, ಹೇಳಿಟ್ಟಿದ್ದೀನಿ."

ಅಳತೆ ಕೊಡಲು ನಿಂತಿದ್ದ ಗಿರಾಕಿ, ಬಟ್ಟೆಯನ್ನು ಮೆಲ್ಲಗೆ ಮಡಚಿ ಚೀಲಕ್ಕೆ ಹಾಕಿಕೊಂಡು, "ಆಮೇಲೆ ಬರ್ತೀನಿ" ಎಂದು ಹೋದ.

ಮರುದಿನ ಡಾಕ್ಟರು ಗೋಡೆಯ ಅಕ್ಷರಗಳನ್ನು ತೋರಿಸಿ ಓದಲು ಹೇಳಿದರು. ಅಕ್ಕನಿಗೆ ಕೊನೆಯ ಸಾಲಿನವರೆಗೂ ಎಲ್ಲವೂ ಸ್ಪಷ್ಟ. ತಪ್ಪು ಓದಿದರೆ ಸೂಜಿಯೂ ಹೋಯಿತು, ಕೆರೆಯೂ ಹೋಯಿತು. ಸರಿ ಓದಿದರೆ ಸುಳ್ಳು ಬಯಲಾಗುತ್ತದೆ. ಹಿಂತಿರುಗಿ ನೋಡಿದಳು. ತಂಗಿ ಬ್ಯಾಗನ್ನು ಎದೆಗವಚಿಕೊಂಡು, ತನ್ನದೇ ಫಲಿತಾಂಶ ಬರುವುದಿದೆ ಎಂಬಂತೆ ಕಣ್ಣು ಮುಚ್ಚಿ ಕೂತಿದ್ದಳು. ಒಳ್ಳೆಯವಳಾಗುವುದರಲ್ಲೂ ಇವಳೇ ಮುಂದೆ, ಎಂದು ಅಕ್ಕನಿಗೆ ಮೈ ಉರಿಯಿತು. ಅದೇ ಉರಿಯಲ್ಲಿ ಕೊನೆಯ ಸಾಲಿನವರೆಗೂ ಒಂದೇ ಉಸಿರಿಗೆ ಓದಿಬಿಟ್ಟಳು.

"ಏನೂ ತೊಂದರೆ ಇಲ್ಲಮ್ಮ," ಎಂದರು ಡಾಕ್ಟರು.

ತಂಗಿ ಉಸಿರು ಬಿಟ್ಟು ನಕ್ಕಳು. ನಗು ಅರ್ಧಕ್ಕೇ ನಿಂತಿತು.

"ಹಾಗಾದ್ರೆ ನಿನ್ನೆ?"

"ಕಂಡಿತ್ತು," ಅಂದಳು ಅಕ್ಕ. "ಕೊರಳ ಮಧ್ಯದಲ್ಲಿ ಕಂದು ಚುಕ್ಕೆ ಇತ್ತು."

"ಚುಕ್ಕೆ ನಂಗೆ ಕಂಡಿರ್ಲಿಲ್ಲ," ಎಂದು ತಂಗಿ ಎದ್ದಳು.

ಮಾರನೆಯ ಬೆಳಿಗ್ಗೆಯೂ ತಂಗಿ ಕೆರೆಗೆ ಬಂದಳು. ಅಕ್ಕ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. ತಂಗಿ ಗೇಟಿನಲ್ಲೇ ನಿಂತು, ಸಾಕ್ಷಿಗೆ ಜೊತೆಯಲ್ಲಿ ಬರುತ್ತೀಯಾ ಎಂದು ಕಾವಲುಗಾರನನ್ನು ಕೇಳುತ್ತಿದ್ದಳು.