ಅಂಗಡಿ ಹಿಡಿಯುವ ಮುಂಚೆ ಒಂದು ಪ್ರಶ್ನೆ

ಚಿಕ್ಕಮ್ಮನ ಜೊತೆ ಗ್ರಂಥಾಲಯಕ್ಕೆ ಹೊರಟಾಗ ನನಗಿದ್ದ ಭಯ ಒಂದೇ: ಅಲ್ಲಿ ಯಾರಾದರೂ ನನ್ನನ್ನು ಏನಾದರೂ ಕೇಳಿಬಿಟ್ಟರೆ? ಡಿಗ್ರಿಯೇನೋ ಮುಗಿಸಿದ್ದೇನೆ. ಆದರೆ ನಾಲ್ಕು ಜನರ ಮುಂದೆ ಬಾಯಿಬಿಡಲು ನನಗಾಗುವುದಿಲ್ಲ. ಡೈರಿಗೆ ಬಿಟ್ಟರೆ ಇದನ್ನು ಬೇರೆ ಯಾರಿಗೂ ಹೇಳಿಲ್ಲ. 'ಗ್ರಂಥಾಲಯದ ಕಂಪ್ಯೂಟರಿನಲ್ಲಿ ವಿಚಾರಿಸೋಣ' ಎಂದು ಚಿಕ್ಕಮ್ಮನಿಗೆ ಹೇಳಲಾರದೆ, ಚೀಟಿ ಬರೆದು ಅವಳ ಹೊಲಿಗೆ ಮಷೀನಿಗೆ ಅಂಟಿಸಿದ್ದೆ!

ಚಿಕ್ಕಮ್ಮ ಕಾರ್ಖಾನೆಯ ಹೊಲಿಗೆ ಕೆಲಸ ಬಿಟ್ಟು ಶಾಲಾಚೀಲದ ಅಂಗಡಿ ಇಡುವವಳಿದ್ದಳು. ಮಳಿಗೆಯ ಮಾಲೀಕರಿಗೆ ಸಂಜೆಯೊಳಗೆ ಹೂಂ ಅನ್ನಬೇಕು. ಅಂಗಡಿ ನಡೆಯದೆ ಹೋದರೆ ಅದೂ ಇಲ್ಲ, ಇದೂ ಇಲ್ಲ.

"ಕಂಪ್ಯೂಟರ್ ನೋಡಿ ಯಾರಾದ್ರೂ ವ್ಯಾಪಾರ ಮಾಡ್ತಾರೇನೇ?" ಎಂದು ದಾರಿಯುದ್ದಕ್ಕೂ ಗೊಣಗಿದಳು. "ಬೀದೀಲಿ ಎಲ್ಲರನ್ನೂ ಕೇಳಿದೀನಿ. ಭರ್ಜರಿಯಾಗಿ ನಡೆಯುತ್ತೆ ಅಂದ್ರು."

ಅವರಲ್ಲಿ ಒಬ್ಬರೂ ಚೀಲ ಕೊಂಡಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಗ್ರಂಥಪಾಲಕಿ ನಮ್ಮನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. "ಇದು ಪ್ರಶ್ನೋತ್ತರ ಭಂಡಾರ. ಜನ ನಮ್ಮನ್ನ ಕೇಳಿದ ಪ್ರಶ್ನೆ, ನಾವು ಹುಡುಕಿಕೊಟ್ಟ ಉತ್ತರ ಎಲ್ಲಾ ಇದರಲ್ಲಿದೆ. ಕೇಳಿದವರ ಹೆಸರು ಇರಲ್ಲ. ನೋಡೋಕೆ ದುಡ್ಡೂ ಬೇಡ."

"ಬರಿಯೇ," ಚಿಕ್ಕಮ್ಮ ನನ್ನ ಬೆನ್ನಿಗೊಂದು ತಟ್ಟಿದಳು. "ಶಾಲಾಚೀಲದ ಅಂಗಡಿ ಚೆನ್ನಾಗಿ ನಡೆಯುತ್ತೆ ಅಲ್ವಾ?"

ಹಾಗೇ ಬರೆದೆ. ಏನೂ ಸಿಗಲಿಲ್ಲ.

ಗ್ರಂಥಪಾಲಕಿ ನಕ್ಕರು. "ಅಮ್ಮಾ, ಇದಕ್ಕೆ ತಲೆಯಾಡಿಸೋಕೆ ಬರಲ್ಲ. ಯಾರು ಕೊಳ್ತಾರೆ, ಯಾವಾಗ ಕೊಳ್ತಾರೆ, ಹಾಗೆ ಕೇಳಿ."

'ಶಾಲಾಚೀಲ ಯಾವ ತಿಂಗಳಲ್ಲಿ ಹೆಚ್ಚು ಮಾರುತ್ತದೆ?' ಎಂದು ಬರೆದೆ. ಯಾರೋ ಮೊದಲೇ ಕೇಳಿದ್ದರು! ನನ್ನ ಪರವಾಗಿ ಬಾಯಿಬಿಟ್ಟ ಆ ಪುಣ್ಯಾತ್ಮರಿಗೆ ಒಳಗೊಳಗೇ ಕೈಮುಗಿದೆ. ಶಾಲೆ ಶುರುವಾಗುವ ಹೊತ್ತಿಗೆ ಮಾರಾಟ ಜೋರು, ಉಳಿದ ತಿಂಗಳು ರಿಪೇರಿಗೇ ಗಿರಾಕಿ ಎಂದಿತ್ತು ಉತ್ತರ. ಯಾವ ವರದಿಯಿಂದ ತೆಗೆದದ್ದು, ಯಾವ ವರ್ಷದ್ದು ಎಂಬುದೂ ಕೆಳಗಿತ್ತು.

"ಆ ವರ್ಷ ನೋಡ್ಕೊಳ್ಳಿ," ಎಂದರು ಗ್ರಂಥಪಾಲಕಿ. "ತೀರಾ ಹಳೇದಾಗಿದ್ರೆ ಹೇಳಿ, ಹೊಸದು ಹುಡುಕಿಕೊಡ್ತೀವಿ. ಇಲ್ಲಿಯ ಗಿರಾಕಿಗಳೂ ಹಾಗೇನಾ ಅಂತ ನೀವೂ ಯೋಚನೆ ಮಾಡಿ."

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ! ಜಿಪ್ ಕಿತ್ತುಹೋದ ಚೀಲ ಹಿಡ್ಕೊಂಡು ದಿನಾ ಒಬ್ಬರಲ್ಲ ಒಬ್ಬರು ಮನೆಗೆ ಬರ್ತಾರೆ ಕಣೇ. ನಾನೇ ಬೈದು ಓಡಿಸ್ತಿದ್ದೆ!"

ಓದುತ್ತಾ ಕೂತಿದ್ದವರೆಲ್ಲ ತಿರುಗಿ ನೋಡಿದರು. ಚಿಕ್ಕಮ್ಮ ದನಿ ತಗ್ಗಿಸಿದಳು. "ಮಳಿಗೆ ಮೇಲೆ ಆಸೆ ಇನ್ನೂ ಇದೆ. ಆದ್ರೆ ನೀನು ಹೇಳಿದ ಹಾಗೆ ಕೇಳ್ತೀನಿ. ಹೂಂ ಅನ್ಲಾ?"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೊಸ ವ್ಯಾಪಾರಕ್ಕೆ ಕೈಹಾಕುವ ಮುಂಚೆ ಹತ್ತಿರದ ಗ್ರಂಥಾಲಯಕ್ಕೆ ಹೋಗಿ ಬನ್ನಿ. ಹೂಂ ಅನ್ನಿಸಿಕೊಳ್ಳಲು ಕೇಳಬೇಡಿ, ತಿಳಿದುಕೊಳ್ಳಲು ಕೇಳಿ. ನಿಮ್ಮ ಪ್ರಶ್ನೆ ಅಲ್ಲಿಲ್ಲದಿದ್ದರೆ ಗ್ರಂಥಪಾಲಕರ ಕೈಗೆ ಕೊಡಿ. ಸಿಕ್ಕ ಉತ್ತರ ರುಚಿಸದಿದ್ದರೂ ಮನೆಯವರಿಂದ ಮುಚ್ಚಿಡಬೇಡಿ. ನಾನೂ ಮುಚ್ಚಿಡಲಿಲ್ಲ.

"ಬೇಡ ಚಿಕ್ಕಮ್ಮ," ಎಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಶಾಲೆ ಶುರುವಾಗಿ ತಿಂಗಳುಗಳೇ ಆದ್ವು, ಬರೀ ರಿಪೇರಿ ದುಡ್ಡಲ್ಲಿ ಬಾಡಿಗೆ ಹುಟ್ಟಲ್ಲ. ಈಗ ಅಂಗಡಿ ಹಿಡಿದ್ರೆ ಉಳಿಯಲ್ಲ."