ಬಾಗಿಲ ಬೆಳಕಿಗೆ ಹಿಡಿದ ಎರಡು ಫಿಲ್ಮು

ಕುರ್ಡಿ ಹಳ್ಳಿಯ ದುರ್ಗಾ ಈಚೆಗೆ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಹಿಟ್ಟು ನಾದಿಟ್ಟು ರೊಟ್ಟಿ ಮರೆಯುತ್ತಾಳೆ. ಮಗಳು ಜಡೆ ಹಾಕು ಎಂದು ಬಾಚಣಿಗೆ ತಂದರೆ ಅದನ್ನೇ ಹಿಡಿದು ಕೂತುಬಿಡುತ್ತಾಳೆ. ಹೊಲಕ್ಕೆ ಹೋಗುವ ಹೆಂಗಸರು ಮೊದಲು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಈಗ ಸುಮ್ಮನೆ ದಾಟಿ ಹೋಗುತ್ತಾರೆ.

ಅತ್ತೆ ಮೂಕಮ್ಮ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದಳು. ಗುಣವಾಗಲಿಲ್ಲ. ತನ್ನ ಸಂಕಟಕ್ಕೆ ಬೇರೆ ಹೆಸರು ತಿಳಿಯದ ದುರ್ಗಾ ತಲೆನೋವು ಎಂದಳು. ಗಂಡ ಯಲ್ಲಾಲಿಂಗ ರಾಯಚೂರಿಗೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿದ.

ಯಂತ್ರದೊಳಗೆ ಮಲಗಿ ದುರ್ಗಾ ಊರಮ್ಮನಿಗೆ ಬೇಡಿಕೊಂಡಳು: ಯವ್ವಾ, ತಲ್ಯಾಗ ಏನಾರ ಒಂದು ಗಂಟು ಸಿಗಲಿ. ಗಂಟು ಸಿಕ್ಕರೆ ಮನೆಯವರು ನಂಬುತ್ತಾರೆ.

ಸಿಗಲಿಲ್ಲ. ನಾರ್ಮಲ್ ಎಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ಒಳ್ಳೆಯ ಸುದ್ದಿಗೆ ಯಾಕೆ ಅಳುತ್ತಾಳೆಂದು ಯಲ್ಲಾಲಿಂಗನಿಗೆ ತಿಳಿಯಲಿಲ್ಲ.

ಮರುದಿನ ಮೂಕಮ್ಮ ಓಣಿಗೆ ಕೇಳುವಂತೆ ಹೇಳಿದಳು: "ಮಿಷಿನ್ನ ಹೇಳ್ಯಾದ, ಏನೂ ಇಲ್ಲಂತ. ಬರೇ ನಾಟಕ! ಅವರವ್ವನೂ ಹಿಂಗ ಮಲಗಿ ಮಲಗೇ ಹೋದಳು. ರಕ್ತದಾಗ ಬಂದದ. ಯಲ್ಲಾಲಿಂಗ, ಇಕಿನ್ನ ಜಾಲಹಳ್ಳಿಗೆ ತವರುಮನಿಗೆ ಬಿಟ್ಟು ಬಾ. ಮಗಳು ಇಲ್ಲೇ ಇರಲಿ."

ಪಕ್ಕದ ಮನೆಯ ರಂಜಾನಬಿ ಒಳಗೆ ಬಂದಳು.

"ನಾಟಕ ಅಂತೀದಿ, ರಕ್ತ ಅಂತೀದಿ. ಎರಡರಾಗ ಒಂದು ಹೇಳು ಮೂಕವ್ವ."

"ನಿಂಗೇನ್ ಗೊತ್ತು ಬಿಡು."

ರಂಜಾನಬಿ ಹಿಂತಿರುಗಿ ಹೋಗಿ ತನ್ನ ಮನೆಯಿಂದ ತನ್ನದೇ ತಲೆಯ ಹಳೆಯ ಸ್ಕ್ಯಾನ್ ಫಿಲ್ಮು ತಂದಳು. ದುರ್ಗಾಳ ಫಿಲ್ಮನ್ನೂ ತೆಗೆದು, ಎರಡನ್ನೂ ಬಾಗಿಲ ಬೆಳಕಿಗೆ ಹಿಡಿದಳು.

"ಇದು ಇಕಿದು, ಇದು ನಂದು. ಬದುಕು ಸಾಕು ಅನ್ನಿಸಿದ್ದು ಯಾರಿಗೆ? ನೋಡಿ ಹೇಳು."

ಮೂಕಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಎರಡರಲ್ಲೂ ಅದೇ ಬೂದು ಮಡಿಕೆಗಳು.

"ಎರಡೂ ಒಂದ ಕಾಣ್ತಾವಲ್ಲ."

"ಆಗ ನನಗ ಅನ್ನಿಸಿತ್ತು. ಈಗ ಇಕಿಗೆ ಅನ್ನಸಾಕತ್ತದ. ಬಿಪಿ ಗುಳಿಗಿ ನುಂಗ್ತೀನಿ ಅಂತ ಹೇಳ್ತಿದ್ನಲ್ಲ, ಅದು ಬಿಪಿದಲ್ಲ ಯವ್ವಾ. ಮನಸಿನ ಡಾಕ್ಟರ್ ಕೊಟ್ಟಿದ್ದು. ನೀವೆಲ್ಲ ನಗ್ತೀರಂತ ಮುಚ್ಚಿಟ್ಟಿದ್ದೆ."

ದುರ್ಗಾ ಗೋಡೆಯಿಂದ ಮುಖ ತಿರುಗಿಸಿದಳು. ಅವಳನ್ನು ತವರಿಗೆ ಬಿಡಲೆಂದು ಎತ್ತಿಕೊಂಡಿದ್ದ ಬಟ್ಟೆಚೀಲವನ್ನು ಯಲ್ಲಾಲಿಂಗ ಕೆಳಗಿಟ್ಟ.

ಮಾನ್ವಿಯ ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ನಾಲ್ವರೂ ಹೋದರು. ಡಾಕ್ಟರ್ ಸ್ವಪ್ನಾ ದುರ್ಗಾಳ ಮಾತನ್ನು ಅವಸರವಿಲ್ಲದೆ ಕೇಳಿದರು. ಆಮೇಲೆ ಹೇಳಿದರು: "ಇದು ಖಿನ್ನತೆ ಅನ್ನೋ ಕಾಯಿಲೆ. ಗಂಟು, ರಕ್ತಸ್ರಾವ ಇಲ್ಲಂತ ಖಾತ್ರಿ ಮಾಡ್ಕೊಳ್ಳಾಕ ಸ್ಕ್ಯಾನ್. ಖಿನ್ನತೆ ಅದರಾಗ ಕಾಣಂಗಿಲ್ರಿ. ಸಾವಿರಾರು ಜನರ ಮಿದುಳಿನ ಚಿತ್ರ ಕೂಡಿಸಿ ನೋಡಿದ್ರ ಸಣ್ಣ ವ್ಯತ್ಯಾಸ ಸಿಗ್ತಾವ. ಒಬ್ಬರದೇ ಫಿಲ್ಮು ನೋಡಿ ಅದ, ಇಲ್ಲ ಅನ್ನಾಕ ಇನ್ನೂ ಯಾರಿಗೂ ಬರಂಗಿಲ್ಲ. ಕೇಳಿ, ಮಾತಾಡಿಸೇ ಗುರುತು ಹಿಡೀಬೇಕು."

"ಮತ್ತ ರಕ್ತದಾಗ ಬರ್ತದಲ್ರಿ?" ಮೂಕಮ್ಮ ಮೊಮ್ಮಗಳನ್ನು ನೆನೆದು ಕೇಳಿದಳು.

"ಮನಿತನದಾಗ ಇದ್ರ ಸಂಭವ ಸ್ವಲ್ಪ ಹೆಚ್ಚು, ಖರೆ. ಅದಕ್ಕ ಒಂದೇ ಜೀನ್ ಅಂತಿಲ್ಲ, ನೂರಾರು ಅದಾವ. ಒಂದೊಂದರದೂ ಚೂರು ಚೂರು ಪಾಲು. ಅವ್ವಗ ಇದ್ರ ಮಗಳಿಗೆ ಬರಲೇಬೇಕಂತಿಲ್ಲ. ಬಂದ್ರೂ ಔಷಧ ಅದ."

ಮೂಕಮ್ಮ ಸೊಸೆಯ ಕಡೆ ತಿರುಗಿ ನೋಡಿದಳು.

"ಇಕಿ ಅವ್ವಗೂ ಔಷಧ ಇತ್ತೇನ್ರಿ?"

"ಇತ್ತು ಯವ್ವಾ."

ದುರ್ಗಾ ಬಿಕ್ಕಿ ಬಿಕ್ಕಿ ಅತ್ತಳು. ಈ ಸಲ ಮೂಕಮ್ಮ ನಾಟಕ ಎನ್ನಲಿಲ್ಲ. ಸೆರಗಿನಿಂದ ಸೊಸೆಯ ಮುಖ ಒರೆಸಿದಳು.

ಗುಳಿಗೆಯ ಗುಣ ಕಾಣಲು ವಾರಗಳೇ ಬೇಕಾದವು. ದುರ್ಗಾ ಇನ್ನೂ ಪೂರ್ತಿ ಗೆದ್ದಿಲ್ಲ. ಮೊನ್ನೆ ಬೆಳಿಗ್ಗೆ ಮಗಳಿಗೆ ಒಂದು ಜಡೆ ಹಾಕಿ ಸುಸ್ತಾಗಿ ಕೂತಳು. ಇನ್ನೊಂದನ್ನು ಮೂಕಮ್ಮ ಹಾಕಿದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಗೋಡೆಗೆ ಮುಖ ಮಾಡಿ ಮಲಗಿದ್ದಾರೆಯೇ? ಎರಡು ವಾರ ಕಳೆದರೂ ಬೇಸರ ಹೋಗದೆ, ಊಟ ನಿದ್ದೆ ಸೇರದೆ ಇದ್ದರೆ ಫಿಲ್ಮು ಏನು ಹೇಳುತ್ತದೆಂದು ಕಾಯಬೇಡಿ. ಪಕ್ಕದಲ್ಲಿ ಕೂತು ಕೇಳಿ. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೇ ಮನಸ್ಸಿನ ಆರೋಗ್ಯದ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ದುರ್ಗಾಳ ತಾಯಿಯ ಪಕ್ಕದಲ್ಲಿ ಯಾರೂ ಕೂರಲಿಲ್ಲ. ನೀವು ಕೂರಿರಿ.