ಮೊದಲು ಬರುವ ನಂಬರು

"ಫ್ರಿಜ್ಜಣ್ಣ ಅವ್ರ ಅಂಗಡೀನಾ?"

ಈ ಪ್ರಶ್ನೆಗೆ ಹೌದು ಅನ್ನಬಾರದು, ಅಲ್ಲ ಅಂತಲೂ ಅನ್ನಬಾರದು. ಕೆಲವೇ ತಿಂಗಳಲ್ಲಿ ಅವಳಿಗೆ ಈ ವಿದ್ಯೆ ಚೆನ್ನಾಗಿ ಕೈಹತ್ತಿತ್ತು. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಒಳಗೆ ಕೆಲಸ ಮಾಡುತ್ತಿದ್ದ ಗಂಡನಿಗೆ ಬೆನ್ನು ಹಾಕಿ ಕೂತು, "ಹೇಳಿ ಮೇಡಂ, ಫ್ರಿಜ್‌ಗೆ ಏನಾಗಿದೆ?" ಎಂದಳು.

"ತಣ್ಣಗೇ ಆಗ್ತಿಲ್ಲ ಕಣಮ್ಮ. ನಮ್ಮ ಯಜಮಾನರ ಇನ್ಸುಲಿನ್ ಬೇರೆ ಇದೆ ಅದ್ರಲ್ಲಿ. ಬೇಗ ಬರ್ತಾರಾ?"

"ಒಂದು ಗಂಟೆ ಒಳಗೆ ಬರ್ತಾರೆ. ವಿಳಾಸ ಹೇಳಿ."

ಯಾರು ಬರುತ್ತಾರೆ ಎಂದು ಆಕೆ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಮನೆಯಲ್ಲಿ ಫ್ರಿಜ್ ಕೆಟ್ಟು ಕೂತವರಿಗೆ ಅಷ್ಟೆಲ್ಲ ವಿಚಾರಿಸುವ ವ್ಯವಧಾನ ಇರುವುದಿಲ್ಲ. ಬರೆದುಕೊಂಡ ಚೀಟಿಯನ್ನು ಅವಳು ಗಂಡನ ಕಡೆ ಚಾಚಿದಳು. ವಾಷಿಂಗ್ ಮೆಷಿನಿನ ಹೊಟ್ಟೆಯೊಳಗಿಂದ ತಲೆ ಹೊರಗೆ ತೆಗೆದು ಅವನು ಕೈ ಒರೆಸಿಕೊಂಡ.

"ಇವ್ರೂ ಹೊಸಬರಾ?"

"ಹೂಂ, ಹೊಸಬರೇ."

"ನೋಡ್ದಾ? ಕೆಲಸ ಚೆನ್ನಾಗಿದ್ರೆ ಜನ ತಾವಾಗೇ ಹುಡುಕ್ಕೊಂಡು ಬರ್ತಾರೆ ಅಂತ ನಾನು ಹೇಳ್ತಿರ್ಲಿಲ್ವಾ?"

ಹುಡುಕಿಕೊಂಡು ಬರುತ್ತಿದ್ದುದೇನೋ ನಿಜ. ಆದರೆ ಅವರು ಹುಡುಕುತ್ತಿದ್ದುದು ಇವನನ್ನಲ್ಲ, ಇವನ ಅಣ್ಣನನ್ನು.

ಅಣ್ಣನಿಗೆ ಫ್ರಿಜ್ಜಣ್ಣ ಎಂದು ಯಾರು ಹೆಸರಿಟ್ಟರೋ ಯಾರಿಗೂ ನೆನಪಿಲ್ಲ. ಅಂಗಡಿಯ ಬೋರ್ಡಿನ ಮೇಲೆ ಬೇರೆಯೇ ಏನೋ ಬರೆದಿತ್ತು, ಅದನ್ನು ಓದಿದವರೂ ಕಡಿಮೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಅವರು ಒಂದು ನಿಮಿಷ ನಿಂತರೆಂದರೆ ರೋಗ ಇಂಥದ್ದು ಎಂದು ಹೇಳಿಬಿಡುತ್ತಿದ್ದರು. ಹೇಳಿದ್ದು ತಪ್ಪುತ್ತಿರಲಿಲ್ಲ. ತಮ್ಮನಾದ ಇವನು ಹನ್ನೊಂದು ವರ್ಷ ಅವರ ಕೈಕೆಳಗೇ ದುಡಿದ. ಕೆಲಸ ಅವನಿಗೂ ಬರುತ್ತಿತ್ತು. ಆದರೆ ಫೋನ್ ಮಾಡಿದವರೆಲ್ಲ ಕೊನೆಯಲ್ಲಿ ಒಂದು ಮಾತು ಸೇರಿಸುತ್ತಿದ್ದರು: "ತಮ್ಮನ್ನ ಕಳಿಸ್ಬೇಡಿ, ನೀವೇ ಬನ್ನಿ." ಹನ್ನೊಂದು ವರ್ಷ ಅದನ್ನು ಕೇಳಿದವನು ಒಂದು ದಿನ ಬೇರೆ ಅಂಗಡಿ ಇಡುತ್ತೇನೆ ಅಂದ. ಜಗಳವಿಲ್ಲ, ಮನಸ್ತಾಪವಿಲ್ಲ. ಅಣ್ಣನೇ ಬಂದು ಕಪಾಟು ಜೋಡಿಸಿಕೊಟ್ಟರು, ತಾವು ಬಳಸುತ್ತಿದ್ದ, ಗ್ಯಾಸಿನ ಒತ್ತಡ ಅಳೆಯುವ ಒಳ್ಳೆಯ ಮೀಟರನ್ನೂ ಬಿಟ್ಟುಹೋದರು.

ಅಂಗಡಿಗೆ ಮಾತ್ರ ನರಪಿಳ್ಳೆಯೂ ಬರಲಿಲ್ಲ. ಮೊದಲ ತಿಂಗಳು ಗಂಡ ಜೋಕು ಮಾಡಿಕೊಂಡು ಕಾಲ ತಳ್ಳಿದ, ಎರಡನೆಯ ತಿಂಗಳು ಸುಮ್ಮನಾದ. ಮೂರನೆಯ ತಿಂಗಳ ಒಂದು ಮಧ್ಯಾಹ್ನ ಅವಳು ಮನೆಗೆ ಬಂದಾಗ, ಅವನು ಅಡುಗೆಮನೆಯ ನೆಲದ ಮೇಲೆ ಕೂತು ಏನೂ ಕೆಡದಿದ್ದ ತಮ್ಮ ಸ್ವಂತ ಫ್ರಿಜ್ಜನ್ನು ಬಿಚ್ಚಿ ಹರಡಿಕೊಂಡಿದ್ದ. "ಸುಮ್ನೆ, ಒಂದ್ಸಲ ನೋಡೋಣ ಅಂತ" ಎಂದ. ಏನಾದರೂ ಮಾಡಲೇಬೇಕು ಎಂದು ಅವಳು ತೀರ್ಮಾನಿಸಿದ್ದು ಆ ದಿನವೇ.

ಮದುವೆಗೆ ಮುಂಚೆ ಅವಳು ಒಂದು ಪೀಠೋಪಕರಣದ ಅಂಗಡಿಯಲ್ಲಿ ಜಾಹೀರಾತು ನೋಡಿಕೊಳ್ಳುತ್ತಿದ್ದಳು. ಜನ ಫೋನಿನಲ್ಲಿ ಏನಾದರೂ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣುತ್ತದಲ್ಲ, ಆ ಜಾಹೀರಾತು. ಆಗ ತರಿಸಿಕೊಳ್ಳಲು ಶುರುಮಾಡಿದ್ದ ಒಂದು ವಾರಪತ್ರ ಈಗಲೂ ಪ್ರತಿ ಮಂಗಳವಾರ ಅವಳ ಮೇಲ್‌ಗೆ ಬರುತ್ತಿತ್ತು. ಮೇಲರ್ಧದಲ್ಲಿ ಹುಡುಕಾಟದ ಲೋಕದ ಸುದ್ದಿ, ಕೆಳಗೆ ಅಂಗಡಿಯವರಿಗೆ ಉಪಾಯ. ಬರೆಯುವವನು ಯಾರೋ, ಭಾರಿ ಉತ್ಸಾಹಿ. ಆ ವಾರದ ಸುದ್ದಿ ಹೀಗಿತ್ತು: ಜಾಹೀರಾತಿನ ಪಕ್ಕದಲ್ಲಿ 'ಇದು ಜಾಹೀರಾತು' ಎಂದು ತೋರಿಸುವ ಗುರುತು ಇನ್ನಷ್ಟು ಸಣ್ಣದಾಗಿದೆ, ಬಣ್ಣವೂ ಹೋಗಿದೆ, ನಮ್ಮಂಥವರಿಗೆ ಇದು ಸಂತೋಷದ ಸಂಗತಿ. ಅದರ ಕೆಳಗೆ ಉಪಾಯ: 'ಜನ ಹೆಸರು ಹಿಡಿದು ಹುಡುಕುವಂಥ ಎದುರಾಳಿ ನಿಮಗಿದ್ದಾನೆಯೇ? ಹಾಗಾದರೆ ನೀವು ಅದೃಷ್ಟವಂತರು. ಅವನ ಹೆಸರನ್ನೇ ನಿಮ್ಮ ಹುಡುಕುಪದಗಳ ಪಟ್ಟಿಗೆ ಸೇರಿಸಿ. ಯಾರು ಅದನ್ನು ಹುಡುಕಿದರೂ ಮೊದಲು ಕಾಣುವುದು ನಿಮ್ಮ ಜಾಹೀರಾತು. ಜಾಹೀರಾತಿನೊಳಗೆ ಆ ಹೆಸರು ಬರೆಯಬೇಡಿ, ಬರೆಯುವ ಅಗತ್ಯವೂ ಇಲ್ಲ. ಫೋನ್ ಮಾಡುವ ಗುಂಡಿ ಒಂದಿದ್ದರೆ ಸಾಕು. ಆತುರದಲ್ಲಿರುವವರು ಓದುವುದಿಲ್ಲ, ಒತ್ತುತ್ತಾರೆ.'

ಅವಳು ಎರಡು ದಿನ ಯೋಚಿಸಿದಳು. ಎದುರಾಳಿ ಎಂಬ ಮಾತು ಅವಳಿಗೇ ಹಿಡಿಸಲಿಲ್ಲ. ಭಾವ ಎದುರಾಳಿ ಹೇಗಾದಾರು? ಅವರಿಗೆ ಕೈತುಂಬ ಕೆಲಸವಿದೆ, ಅದರಲ್ಲಿ ನಾಲ್ಕು ಇತ್ತ ಬಂದರೆ ಅವರಿಗೇನೂ ನಷ್ಟವಿಲ್ಲ, ಒಂದೇ ಒಂದು ವಾರ ನೋಡಿ ತೆಗೆದುಬಿಡುತ್ತೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆಮೇಲೆ ಪಟ್ಟಿಯಲ್ಲಿ 'ಫ್ರಿಜ್ಜಣ್ಣ' ಎಂದು ಬರೆದಳು. 'ಫ್ರಿಜ್ಜಣ್ಣ ಅಂಗಡಿ', 'ಫ್ರಿಜ್ಜಣ್ಣ ಫೋನ್ ನಂಬರ್' ಎಂದೂ ಸೇರಿಸಿದಳು.

ಮಾರನೆಯ ದಿನ ಹತ್ತು ಗಂಟೆಯೊಳಗೆ ಮೂರು ಫೋನ್ ಬಂದವು. ಈಗ ಯಾರು ತಾನೇ ನಂಬರು ಬರೆದಿಟ್ಟುಕೊಳ್ಳುತ್ತಾರೆ? ಹಳಬರೂ ಹೆಸರು ಹಾಕಿ ಹುಡುಕುತ್ತಾರೆ, ಅವರಿಂದ ಹೆಸರು ಕೇಳಿದ ಹೊಸಬರೂ ಹುಡುಕುತ್ತಾರೆ. ಎಲ್ಲರಿಗೂ ಮೊದಲು ಸಿಗುತ್ತಿದ್ದುದು ಇವಳ ನಂಬರು. ವಾರ ಕಳೆಯಿತು. ಗಂಡ ಮತ್ತೆ ಹಾಡು ಗುನುಗುತ್ತಾ ಸ್ನಾನ ಮಾಡತೊಡಗಿದ. ಅವಳು ಪಟ್ಟಿಗೆ ಕೈಹಚ್ಚಲಿಲ್ಲ.

ಗಿರಾಕಿಗಳು ಅವನನ್ನು ಬಾಗಿಲಲ್ಲಿ ನೋಡಿ "ಫ್ರಿಜ್ಜಣ್ಣ ಬರ್ಲಿಲ್ವಾ?" ಅನ್ನುತ್ತಿದ್ದರು. ಅದನ್ನು ಅವನು ಮನೆಗೆ ಬಂದು ಹೆಮ್ಮೆಯಿಂದಲೇ ಹೇಳುತ್ತಿದ್ದ. "ಅವ್ರಿಗೆ ಅಣ್ಣ ಗೊತ್ತು ಕಣೇ. ಗೊತ್ತಿದ್ರೂ ನನ್ನನ್ನ ಕರೆದಿದಾರೆ ನೋಡು." ಅವಳು ಅನ್ನ ಕಲಸುತ್ತಾ ತಟ್ಟೆಯನ್ನೇ ನೋಡುತ್ತಿದ್ದಳು.

ಆರನೆಯ ತಿಂಗಳಲ್ಲಿ ಒಂದು ಭಾನುವಾರ ಅವಳು ಭಾವನ ಮನೆಗೆ ಹೋದಳು. ಓರಗಿತ್ತಿ ಬಾಗಿಲು ತೆಗೆದವಳು ಬಾಯಿಯ ಮೇಲೆ ಬೆರಳಿಟ್ಟು ಒಳಗೆ ಕರೆದಳು. ಪಕ್ಕದ ಕೋಣೆಯಿಂದ ಭಾವನ ದನಿ ಕೇಳಿಸುತ್ತಿತ್ತು, ಯಾರಿಗೋ ಫೋನ್ ಮಾಡಿದ್ದರು.

"ಇಲ್ಲ ಸಾರ್, ಸುಮ್ನೆ ವಿಚಾರಿಸೋಣ ಅಂತ. ಹೋದ ವರ್ಷ ನಿಮ್ಮ ಫ್ರಿಜ್ ಮಾಡಿದ್ನಲ್ಲ, ಅದು ಸರಿಯಾಗಿದ್ಯಾ? ... ಏನೂ ತೊಂದ್ರೆ ಕೊಡ್ಲಿಲ್ವಾ? ... ನನ್ನ ಕೆಲಸದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಮುಚ್ಚುಮರೆ ಇಲ್ದೆ ಹೇಳ್ಬಿಡಿ ಸಾರ್."

"ದಿನಾ ಇದೇ" ಎಂದು ಓರಗಿತ್ತಿ ಪಿಸುಗುಟ್ಟಿದಳು. "ಹಳೇ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳ್ತಿದಾರೆ. ಅಂಗಡಿಗೆ ಯಾರೂ ಬರ್ತಿಲ್ಲ. ನನ್ನ ಕಿವಿ ಹೋಗಿದೆ, ಏನೋ ತಪ್ಪು ರಿಪೇರಿ ಮಾಡಿದೀನಿ, ಅದು ಊರಿಗೆಲ್ಲ ಗೊತ್ತಾಗಿದೆ ಅಂತ ಹಿಡ್ಕೊಂಡಿದಾರೆ. ಡಾಕ್ಟ್ರು ಕಿವಿ ಸರಿ ಇದೆ ಅಂದ್ರು. ಅವ್ರ ಮಾತನ್ನೂ ನಂಬಲ್ಲ. ನೀನಾದ್ರೂ ಹೇಳೇ, ನಿನ್ನ ಮಾತಂದ್ರೆ ಅವ್ರಿಗೆ ಬೆಲೆ."

ಭಾವ ಹೊರಗೆ ಬಂದರು. ಅವಳನ್ನು ನೋಡಿ ನಕ್ಕರು, ತಮ್ಮನ ಕೆಲಸ ಹೇಗೆ ನಡೆದಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದಳು. "ಚೆನ್ನಾಗಿರ್ಲೇಬೇಕು. ಅವ್ನ ಕೈ ನನಗಿಂತ ಸೂಕ್ಷ್ಮ. ನಾನೇ ಅವ್ನನ್ನ ಮುಂದೆ ಬಿಡ್ಲಿಲ್ಲ ಅಷ್ಟು ವರ್ಷ" ಎಂದರು. ಭಾವ, ನಿಮ್ಮ ಕಿವಿಗೂ ಕೈಗೂ ಏನೂ ಆಗಿಲ್ಲ, ಎಲ್ಲ ನಾನು ಮಾಡಿದ್ದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವಳು ಚಹಾ ಕುಡಿದು, ಲೋಟ ತೊಳೆದಿಟ್ಟು ಬಂದಳು.

ಮನೆಗೆ ಬಂದವಳೇ ಪಟ್ಟಿ ತೆರೆದಳು. ಹೆಸರಿನ ಪಕ್ಕದ ಚೌಕದಲ್ಲಿ ಗುರುತು ಹಾಕಿ, ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಅಷ್ಟರಲ್ಲಿ ಗಂಡ ಹೊಸ ಬೋರ್ಡಿನ ನಕ್ಷೆ ಹಿಡಿದುಕೊಂಡು ಬಂದ. ತನ್ನ ಹೆಸರನ್ನು ದೊಡ್ಡದಾಗಿ ಬರೆಸಿದ್ದ. "ಅಕ್ಷರ ಸಾಕಾ, ಇನ್ನೂ ದೊಡ್ಡದು ಮಾಡಿಸ್ಲಾ?" ಎಂದು ಕೇಳಿದವನ ಮುಖ ನೋಡಿ ಅವಳು ಬೆರಳು ತೆಗೆದಳು. ಬಿಚ್ಚಿ ಹರಡಿದ್ದ ಫ್ರಿಜ್ಜಿನ ನಡುವೆ ಕೂತಿದ್ದ ಅವನನ್ನು ಮತ್ತೊಮ್ಮೆ ನೋಡುವ ಧೈರ್ಯ ಅವಳಿಗಿರಲಿಲ್ಲ. ಇದನ್ನು ಹೇಡಿತನ ಅನ್ನಬೇಕೋ ಪ್ರೀತಿ ಅನ್ನಬೇಕೋ, ಅವಳಂತೂ ಎರಡನ್ನೂ ಅನ್ನದೆ ಆ ವಿಷಯವನ್ನು ಮುಂದಿನ ಮಂಗಳವಾರಕ್ಕೆ ತಳ್ಳಿದಳು. ಮಂಗಳವಾರ ಬಂತು, ವಾರಪತ್ರವೂ ಬಂತು. 'ನಿಮ್ಮ ಉಪಾಯ ಫಲಿಸಿದೆಯೇ? ನಮಗೆ ಬರೆದು ತಿಳಿಸಿ' ಎಂದಿತ್ತು ಅದರಲ್ಲಿ.

ಎಂಟನೆಯ ತಿಂಗಳು ಭಾವ ಅಂಗಡಿ ಮುಚ್ಚಿದರು. ಯಾರಿಗೂ ಮುಂಚೆ ಹೇಳಿರಲಿಲ್ಲ. ಆ ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಮ್ಮನ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು.

"ಒಬ್ಬರು ಕೈಯಾಳು ಬೇಕು ಅಂತಿದ್ಯಲ್ಲೋ. ನಾನು ಆಗ್ತೀನಾ ನೋಡು" ಎಂದರು. ತಮಾಷೆಯ ದನಿಯಲ್ಲೇ ಅಂದರು, ಆದರೆ ಒಳಗೆ ಕಾಲಿಡಲಿಲ್ಲ.

ಗಂಡ ಕೈಲಿದ್ದ ಕೆಲಸ ಬಿಟ್ಟು ಎದ್ದು ಬಂದ. "ಏನಣ್ಣಾ ನೀನು, ಕೇಳೋದಾ ಇದನ್ನ?" ಎಂದು ಕೈಹಿಡಿದು ಒಳಗೆ ಕರೆತಂದ, ತನ್ನ ಕುರ್ಚಿಯಲ್ಲೇ ಕೂರಿಸಿದ. ಅವನ ಕಣ್ಣು ತುಂಬಿತ್ತು. ಆ ನೀರಿನಲ್ಲಿ ಒಂದಿಷ್ಟು ಸಂತೋಷವೂ ಇದ್ದದ್ದು ಅವಳಿಗೆ ಕಾಣಿಸಿತು, ಅದಕ್ಕಾಗಿ ಅವಳು ಅವನನ್ನು ದೂಷಿಸಲಿಲ್ಲ. ಪಕ್ಕದ ಬೀದಿಯ ಬೇಕರಿಯ ಫ್ರಿಜ್ಜಿಗೆ ಒಂದು ರಿಲೇ ಹಾಕಿ ಬಂದುಬಿಡುತ್ತೇನೆ, ಆಮೇಲೆ ಇಬ್ಬರೂ ಕೂತು ಮಾತಾಡೋಣ ಎಂದು ಅವನು ಸ್ಕೂಟರ್ ಹತ್ತಿದ.

ಭಾವ ಸುಮ್ಮನೆ ಕೂರುವ ಜಾತಿಯಲ್ಲ. ಅಂಗಿಯ ತೋಳು ಮಡಚಿ, ಬಿಚ್ಚಿಟ್ಟಿದ್ದ ಮೋಟರಿನ ಗ್ರೀಸ್ ಒರೆಸತೊಡಗಿದರು. ಅವಳು ಹಿಂದಿನ ಕೋಣೆಯಲ್ಲಿ ಚಹಾಕ್ಕೆ ನೀರಿಟ್ಟು, ಲ್ಯಾಪ್‌ಟಾಪ್ ತೆರೆದಳು. ಇವತ್ತು ತೆಗೆಯಲೇಬೇಕು, ಈಗಲೇ. ಪಟ್ಟಿ ತೆರೆಯುವಷ್ಟರಲ್ಲಿ ಹೊರಗೆ ಮೇಜಿನ ಮೇಲೆ ಫೋನ್ ಹೊಡೆದುಕೊಂಡಿತು. ಅವಳು ಓಡಿ ಬಂದಳು. ಅಷ್ಟರೊಳಗೆ ಭಾವ ಗ್ರೀಸ್ ಕೈ ತಾಗದಿರಲೆಂದು ಮೊಣಕೈಯಿಂದ ಗುಂಡಿ ಒತ್ತಿ, ಸ್ಪೀಕರ್ ಹಾಕಿದ್ದರು.

"ಫ್ರಿಜ್ಜಣ್ಣಾ ಅವ್ರಾ?" ವಯಸ್ಸಾದ ಗಂಡಸಿನ ದನಿ.

ಭಾವನ ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ತನ್ನನ್ನು ಯಾರೋ ಕೇಳಿದ್ದರು. ಇದು ತಮ್ಮನ ಅಂಗಡಿಯ ಫೋನು ಎಂಬುದೂ ಆ ಒಂದು ಕ್ಷಣ ಅವರಿಗೆ ಹೊಳೆಯಲಿಲ್ಲ. "ಹೌದು, ಹೇಳಿ ಸಾರ್!" ಎಂದರು.

"ಅಬ್ಬಾ, ಸದ್ಯ ಸಿಕ್ಕಿದ್ರಲ್ಲ. ನೀವೇ ಬರ್ಬೇಕು ಈ ಸಲ. ಎರಡು ಸಲ ಇದೇ ನಂಬರಿಗೆ ಮಾಡಿದೆ, ಎರಡು ಸಲವೂ ಇನ್ಯಾರನ್ನೋ ಕಳಿಸಿದ್ರಿ."

"ಇದೇ ನಂಬರಾ?"

"ಮತ್ತೆ? ನಿಮ್ಮ ಹೆಸರು ಹಾಕಿದ್ರೆ ಮೊದಲು ಬರೋದೇ ಇದಲ್ವಾ. ನಮ್ಮ ಬೀದಿಯವರೆಲ್ಲ ಇದಕ್ಕೇ ಮಾಡೋದು."

ಭಾವ ಫೋನನ್ನು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅವಳನ್ನು ನೋಡಿದರು. ಅವರಿಗೆ ಹುಡುಕುಪದ, ಪಟ್ಟಿ ಒಂದೂ ಗೊತ್ತಿರಲಿಲ್ಲ. ಗೊತ್ತಾಗಬೇಕಾದದ್ದು ಅವಳ ಮುಖದಲ್ಲಿತ್ತು.

"ಸಾರ್, ಫ್ರಿಜ್ಜಣ್ಣ ಈಗ ಕೆಲಸ ಬಿಟ್ಟಿದಾರೆ" ಎಂದರು ಅವರು ನಿಧಾನವಾಗಿ. "ಅವರ ತಮ್ಮ ಬರ್ತಾನೆ. ಅವನ ಕೈ ಚೆನ್ನಾಗಿದೆ. ವಿಳಾಸ ಹೇಳಿ."

"ಅಯ್ಯೋ, ಹಾಗಾದ್ರೆ ನೀವಲ್ವಾ ಅವ್ರು? ಯಾಕೆ ಬಿಟ್ರು, ಹುಷಾರಾಗಿದಾರೆ ತಾನೆ?"

"ಇದಾರೆ ಸಾರ್."

ವಿಳಾಸ ಬರೆದುಕೊಂಡು, ಮೊಣಕೈಯಿಂದಲೇ ಫೋನ್ ಆರಿಸಿದರು. ಒಳಗೆ ಚಹಾದ ನೀರು ಕುದಿದು ಉಕ್ಕುತ್ತಿತ್ತು. ಅವಳು ಅಲ್ಲಾಡಲಿಲ್ಲ.

"ತೆಗೆದುಹಾಕ್ತೀನಿ ಭಾವ, ಈಗಲೇ ತೆಗೆದುಹಾಕ್ತೀನಿ."

"ಏನನ್ನಮ್ಮ?"

"ನಿಮ್ಮ ಹೆಸರನ್ನ."

ಅವರು ಹಳೆಯ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಬಯ್ಯುತ್ತಾರೆ ಎಂದು ಅವಳು ಕಾದಳು, ಬಯ್ಯಲಿ ಎಂದೇ ಕಾದಳು. ಅವರು ಕೇಳಿದ್ದು ಒಂದೇ.

"ಅವನಿಗೆ ಗೊತ್ತಾ?"

"ಇಲ್ಲ."

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಗಂಡ ಬೇಕರಿಯಿಂದ ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ಒಳಗೆ ಬಂದ. ಅಣ್ಣನ ಕೈಯಲ್ಲಿದ್ದ ಚೀಟಿ ನೋಡಿ, "ಆಗಲೇ ಕೆಲಸ ಹಿಡಿದ್ಬಿಟ್ಯಾ? ಯಾರದ್ದು ಫೋನು?" ಎಂದ.

"ಯಾರೋ ವಯಸ್ಸಾದವರು" ಎಂದರು ಅಣ್ಣ. ಚೀಟಿಯನ್ನು ಅವನ ಕೈಗೆ ಕೊಟ್ಟರು. "ನಿನ್ನನ್ನೇ ಕೇಳಿದ್ರು ಕಣೋ. ಬೇರೆ ಯಾರನ್ನೂ ಕಳಿಸ್ಬೇಡಿ, ಅವನೇ ಬರ್ಬೇಕು ಅಂದ್ರು."

"ನನ್ನನ್ನೇ?"

"ನಿನ್ನನ್ನೇ."

ಗಂಡ ಚೀಟಿಯನ್ನು ಎರಡು ಸಲ ಓದಿದ. ನಾಚಿಕೊಂಡವನ ಹಾಗೆ ನಕ್ಕು, ತಲೆ ಕೆರೆದುಕೊಂಡು, "ಬಾ ಅಣ್ಣ, ನೀನೂ ಬಾ, ಜೊತೆಗೆ ಹೋಗಿಬರೋಣ" ಎಂದ. ಅಣ್ಣ ಮಡಚಿದ್ದ ತೋಳು ಇಳಿಸಿಕೊಂಡು, ಕೆಳಗಿದ್ದ ಸಾಮಾನಿನ ಚೀಲವನ್ನು ಎತ್ತಿಕೊಂಡರು. ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡರು. ತಮ್ಮ ಏನೋ ಹೇಳುತ್ತಾ ಗಾಡಿ ಹೊರಡಿಸಿದ. ಅಣ್ಣ ಅವನ ಭುಜದ ಕಡೆಗೆ ತಲೆ ಬಗ್ಗಿಸಿ, ಕಿವಿಗೊಟ್ಟು ಕೇಳಿಸಿಕೊಳ್ಳುತ್ತಾ ಹೋದರು.